ಹಡಗು ಬಾರದ ವಾರ

ನಾವು ಕೊಯ್ಯುವುದು ಮೊಗ್ಗನ್ನೇ.
ದಂಟು ತುದಿಯಲ್ಲಿ ತುಸು ಬಾಗಿ, ಪೊರೆ ಬಿರಿದು
ಒಂದೆಳೆ ಹಳದಿ ಇಣುಕಿದಾಗ. ಅಷ್ಟೇ.
ಅರಳಿತೋ, ಕೆಟ್ಟಿತು.
ಅರಳುವುದೇನಿದ್ದರೂ ಲಂಡನ್ನಿನಲ್ಲಿ, ಯಾರದೋ ಮೇಜಿನ ಮೇಲೆ,
ನಾನು ಕಾಣದ ಹೂಜಿಯಲ್ಲಿ.
ನಲವತ್ತೊಂದು ಚಳಿಗಾಲ ಹೂ ಬೆಳೆದವಳು
ಹೂ ನೋಡಿದ್ದು ಕಡಿಮೆ.

ನಮ್ಮದು ಸಿಲಿ ದ್ವೀಪಗಳಲ್ಲೊಂದು, ಸೇಂಟ್ ಮಾರ್ಟಿನ್ಸ್.
ಕಡಲಿಗೆ ಬಿದ್ದ ರೊಟ್ಟಿಚೂರಿನಷ್ಟು ನೆಲ.
ಹೊಲಗಳೋ ಜಮಖಾನದಷ್ಟಗಲ; ಸುತ್ತ ಎರಡಾಳೆತ್ತರ ಬೇಲಿಗಿಡ,
ಇಲ್ಲದಿದ್ದರೆ ಉಪ್ಪುಗಾಳಿ ಎಲೆಯನ್ನು ಸುಟ್ಟೇಬಿಡುತ್ತದೆ.
ಹೂವಿಗೆ ಉದ್ದನೆಯ ಫ್ರೆಂಚ್ ಹೆಸರಿದೆ.
ನಮ್ಮ ಬಾಯಲ್ಲಿ ಬರೀ ಸೋಲ್.

ಜೂನಿನಲ್ಲಿ, ಗೆಡ್ಡೆ ಮಲಗಿದ ಮಣ್ಣಿನ ಮೇಲೆ
ಅಪ್ಪ ಒಣಹುಲ್ಲು ಹರಡಿ ಬೆಂಕಿ ಇಡುತ್ತಿದ್ದ.
ಒಳಗಿರುವುದು ಬೆಂದುಹೋಗುತ್ತದೆಂದು ಅತ್ತಿದ್ದೆ ಒಮ್ಮೆ.
"ಬೆಂಕಿ ಮುಟ್ಟುವುದಿಲ್ಲ ಲವ್‌ಡೇ, ಹೊಗೆ ಮುಟ್ಟುತ್ತದೆ.
ಹೊಗೆ ಕುಡಿದ ಗೆಡ್ಡೆ ಬೇಗ ಏಳುತ್ತದೆ."
ಯಾಕಪ್ಪಾ?
"ಅದು ನನಗೆ ಗೊತ್ತಿಲ್ಲ. ಏಳುತ್ತದೆ."
ಭಾನುವಾರ, ಉಗುರಲ್ಲಿ ಅದೇ ಮಸಿ,
ಮೆಥಡಿಸ್ಟ್ ಪ್ರಾರ್ಥನಾಲಯದಲ್ಲಿ ಎದ್ದು ನಿಂತು
ಪುನರುತ್ಥಾನದ ಬಗ್ಗೆಯೂ ಇಷ್ಟೇ ಹೇಳುತ್ತಿದ್ದ.

ನಾನು ಸಭೆಗೆ ಹೋಗುವುದು ಬಿಟ್ಟೆ.
ದೊಡ್ಡ ಕಾರಣವೇನಲ್ಲ. ಸಾವು, ಜಗಳ, ಯಾವುದೂ ಅಲ್ಲ.
ಸೋಮವಾರದ ಹಡಗಿಗೆ ಭಾನುವಾರವೇ ಕೊಯ್ಯಬೇಕು.
ಒಂದು ವಾರ ತಪ್ಪಿತು, ಇನ್ನೊಂದು ತಪ್ಪಿತು;
ಪ್ರಾರ್ಥನೆ, ಬಳಸದ ಕತ್ತರಿಯ ಹಾಗೆ,
ತೂಗುಹಾಕಿದ ಮೊಳೆಯಲ್ಲೇ ತುಕ್ಕು ಹಿಡಿಯಿತು.

ಹೋದ ಜನವರಿಯಲ್ಲಿ ಆರು ದಿನ ಗಾಳಿ.
ಪೆನ್‌ಜಾನ್ಸಿನಿಂದ ಹಡಗು ಹೊರಡಲೇ ಇಲ್ಲ.
ಕಟ್ಟಿಟ್ಟ ಪೆಟ್ಟಿಗೆ ಇನ್ನೂರ ಹದಿನೆಂಟು.
ಪಕ್ಕದ ಹೊಲದ ಮೋರ್ವೆನಾ ಫೋನಿನಲ್ಲಿ
ಹಡಗನ್ನು ಬೈದಳು, ಕಪ್ತಾನನನ್ನು ಬೈದಳು, ದೇವರನ್ನೂ ಬೈದು
"ಕ್ಷಮಿಸು" ಎಂದಳು. ನನಗೋ, ಅವನಿಗೋ.
ನಾನು ಲೆಕ್ಕದ ಪುಸ್ತಕದಲ್ಲಿ
ನಷ್ಟದ ಕಡೆ ಅಂಕಿ ಬರೆದು, ಕೆಳಗೆ ಗೆರೆ ಎಳೆದೆ.

ಏಳನೆಯ ರಾತ್ರಿ ಟಾರ್ಚ್ ಹಿಡಿದು ಶೆಡ್ಡಿಗೆ ಹೋದೆ,
ತಗಡು ಹಾರಿದೆಯೇನೋ ನೋಡಲು.
ಬಾಗಿಲು ತೆಗೆದರೆ ಮೊದಲು ಪರಿಮಳ ಎದೆಗೆ ತಾಗಿತು,
ಒಳಗೆ ಯಾರೋ ಬಹಳ ಹೊತ್ತಿನಿಂದ ಕಾದು ನಿಂತ ಹಾಗೆ.
ಒಂದು ಮುಚ್ಚಳ ಎತ್ತಿದೆ. ಇನ್ನೊಂದು. ಮತ್ತೊಂದು.
ಬೇರಿಲ್ಲದೆ, ಬೆಳಕಿಲ್ಲದೆ, ಯಾರ ಅಪ್ಪಣೆಯೂ ಇಲ್ಲದೆ
ಸೋಲೆಲ್ಲ ಅರಳಿತ್ತು.
ದಂಟಿಗೆ ಹತ್ತು, ಹನ್ನೆರಡು; ಹಳದಿಯ ನಡುವೆ ಕಿತ್ತಳೆ ಬಟ್ಟಲು.
ಟಾರ್ಚ್ ಆರಿಸಿದೆ. ಯಾಕೆಂದು ಕೇಳಬೇಡಿ.

ಇಷ್ಟು ವರ್ಷ ನಾನು ಕಳಿಸಿದ್ದು ಇದನ್ನು.
ಕಾಣದೆ ಕಳಿಸಿದ್ದೆ. ಆ ಕಡೆ ಅರಳುತ್ತದೆಂಬುದನ್ನು
ಒಂದು ದಿನವೂ ಅನುಮಾನಿಸಿರಲಿಲ್ಲ.
ನಂಬಿಕೆ ಇಲ್ಲದವಳು ಅಂದುಕೊಂಡಿದ್ದೆನಲ್ಲ,
ದಿನಕ್ಕೆ ಸಾವಿರ ಸಲ ಬಾಗಿ ಎದ್ದದ್ದು, ಮಣ್ಣಿಗೆ ಮಂಡಿಯೂರಿದ್ದು,
ಅದಕ್ಕೆ ಏನು ಹೆಸರಿಡಲಿ?

ಪ್ರಾರ್ಥನೆಯ ಮಾತುಗಳು ನೆನಪಿಗೆ ಬರಲಿಲ್ಲ.
"ಕರ್ತನೇ" ಎಂದೆ.
ಆಮೇಲೆ, "ಇಲ್ಲಿ ತುಂಬಾ ಚಳಿ" ಎಂದೆ.

ಬೆಳಗಾದರೆ ಭಾನುವಾರ. ಕೈಗಾಡಿ, ದಿಬ್ಬ, ಮೂರು ಸುತ್ತು.
ಕಿಟಕಿಗೆ, ಬೆಂಚಿಗೆ, ಬಕೆಟ್ಟಿಗೆ, ಚಹಾದ ಕೆಟಲಿಗೂ ಹೂ.
ಒಂಬತ್ತು ಜನ ಇದ್ದೆವು.
ಪ್ರಸಂಗದುದ್ದಕ್ಕೂ ಮೋರ್ವೆನಾ ಸೀನಿದಳು.

ನಷ್ಟದ ಅಂಕಿ ಪುಸ್ತಕದಲ್ಲಿ ಹಾಗೇ ಇದೆ.
ಗೆರೆಯನ್ನು ಮಾತ್ರ ಅಳಿಸಿದ್ದೇನೆ.
ಜೂನಿಗೆ ಒಣಹುಲ್ಲು ಬೇಕೆಂದು ಹೇಳಿಟ್ಟಿದ್ದೇನೆ.