ಹಾರ್ನ್ ಒತ್ತದ ಹತ್ತು ನಿಮಿಷ

ಭಟ್ಟಿಯಿಂದ ತಗದ ಪಾವು ಇನ್ನೂ ಉಸುರು ಬಿಡತಿತ್ತು
ನೀಲಿ ತಾಡಪಾಲಿನ ಬುಡಕ.
ನಾಲ್ಕೂ ಮುಕ್ಕಾಲು.
ಚಿಂಚಣಿಯ ಒಡ್ಡಿನ ಮ್ಯಾಲ ನನ್ನ ಸೈಕಲ್ಲು,
ಎರಡೂ ಕಡೆ ಉಪ್ಪುನೀರು ನಿಂತ ಗದ್ದಿ,
ಹಿಂದಿನ ಬುಟ್ಟಿಯೊಳಗ ಎಣಿಸಿ ಇಟ್ಟ
ನೂರಾ ನಲವತ್ತು ಪಾವು, ಮೂವತ್ತು ಪೊಯ್,
ಬಳಿಯಂಥಾ ಕಂಕಣ ಒಂದು ಡಜನ್.

ಮೊದಲ ನೀರಿನೊಳಗ ಕಂಡೆ.
ಇದನ್ನ ಹೇಳಬೇಕು, ಯಾಕಂದ್ರ ಎಲ್ಲಾರೂ ಕೇಳೋದು
ಮ್ಯಾಲ ಏನು ಕಂಡಿ ಅಂತ.
ಗದ್ದಿ ನೀರಿನ ತಳದಾಗ ಒಂದು ಬೆಳಕು ನಡೀತಿತ್ತು,
ಅದರ ಹಿಂದ ಇನ್ನೊಂದು, ಅದರ ಹಿಂದ ಮತ್ತೊಂದು,
ಮದುವಿ ಪಂಕ್ತಿಯೊಳಗ ಬಡಿಸಿಕೋತ ಹೋಗವರ ಹಂಗ
ಅವಸರಿಲ್ಲ, ತಡವೂ ಇಲ್ಲ.
ಬ್ರೇಕ್ ಹಿಡದೆ. ಒಂದು ಕಾಲು ಊರಿದೆ.
ಆಮ್ಯಾಲ ಕತ್ತೆತ್ತಿದೆ.

ಎಣಿಸೋದು ನನ್ನ ಕಸುಬು.
ಒಂಬತ್ತು ಎಣಿಸಿದೆ, ಹದಿಮೂರು ಎಣಿಸಿದೆ,
ತೆಂಗಿನ ಮರಿಗೆ ಹೋದವು, ಹೊರಗ ಬಂದವು
ಅವ ಏನೋ, ಬ್ಯಾರೇವೋ,
ಲೆಕ್ಕ ಹರೀತು.
ಸಪ್ಪಳಿಲ್ಲ.
ದಿನಾ ನನ್ನ ಚಕ್ರಕ್ಕ ಬೊಗಳೋ ಆ ಕೆಂಚ ನಾಯಿ
ತೂಬಿನ ಕಟ್ಟಿ ಮ್ಯಾಲ ಕುಂತು
ಬಾಯಿ ಮುಚ್ಚಿ ನೋಡತಿತ್ತು, ನನ್ನ ಜೋಡಿ.

ರಬ್ಬರಿನ ಹಾರ್ನು ಮುಷ್ಟಿಯೊಳಗ ಇತ್ತು.
ಒತ್ತಲಿಲ್ಲ.

ಹಂಗಾಗಿ ಅವತ್ತು ಊರು ತಡಾ ಎದ್ದಿತು.

ಇಪ್ಪತ್ತೆರಡು ವರ್ಷ ಹಡಗಿನ ಮ್ಯಾಲ ಅಡಗಿ ಮಾಡಿದ ಸೆಬಿ ಅಂದ:
"ಸ್ಯಾಟಲೈಟು. ಯಾರೋ ಸಾವಕಾರ ಸಾಲಾಗಿ ಬಿಟ್ಟಾನ."
ಹಂಗ ಇದ್ದರೂ ಇದ್ದೀತು. ಆದ್ರ ನಡುವಿನದೊಂದು
ಸಾಲು ಬಿಟ್ಟು ಸಮುದ್ರದ ಕಡೆ ಹೊಳ್ಳಿತಲ್ಲ,
ಅನ್ನೂದರಾಗ ಅವ ಚಿಲ್ಲರೆ ಎಣಿಸಾಕ ಹತ್ತಿದ.
ಶಾಲಿ ಮಾಸ್ತರ ಶಾಂಬಾ: "ದಾಬೋಳಿಯೊಳಗ ನೇವಿಯವರು..."
ಮುಂದಿನ ಮಾತು ಅವರಿಗೂ ಗೊತ್ತಿರಲಿಲ್ಲ.
ಬಾಡಿಗಿ ಖೋಲಿಯ ಹುಡುಗೂರು ಕೇಳಿದ್ದು,
"ಫೋಟೊ?"
ಮೊಬೈಲು ಕಿಸೆದಾಗ ಇತ್ತು. ನೆನಪ ಆಗಲಿಲ್ಲ.
ಕೈ ಎರಡೂ ಹ್ಯಾಂಡಲ್ ಹಿಡದಿದ್ದವು,
ಬಿಟ್ರ ಬೀಳತೀನಿ ಅನ್ನೂವಂಗ, ನಿಂತಲ್ಲೇ.

ಕೊನೀ ಮನಿ ಎಸ್ಪೆರಾನ್ಸಾ ಮಾಯ್. ಕಣ್ಣಾಗ ಪೊರಿ.
ಹಾರ್ನಿನ ಸದ್ದಿಗೆ ಕದ ತಗಿಯಾಕಿ
ಇವತ್ತು ಮೊದಲ ತಗದು ನಿಂತಿದ್ಲು.
"ನೀ ಸತ್ತಿ ಅಂತ ತಿಳದಿದ್ದೆ" ಅಂದ್ಲು.
ಕಥಿ ಪೂರಾ ಕೇಳಿದ್ಲು, ಕಂಕಣದ ತೂತಿನೊಳಗ
ಬೆರಳು ತಿರುವಿಕೋತ.
ಆಮ್ಯಾಲ ಕೇಳಿದ್ದು ಒಂದ:
"ಹೋಗೂವಂಗ ಇದ್ದವೋ, ಬರೂವಂಗ?"

ಹದಿನೇಳು ವರ್ಷಾತು ನಾ ಈ ಊರಿಗೆ ಬಂದು.
ಸವಣೂರಿನ ನಮ್ಮ ಓಣ್ಯಾಗ ನಾ ಗೋವಾದಂವ,
ಇಲ್ಲಿ ಘಾಂಟಿ.
ಮಾಯ್‌ಗ ಏನು ಹೇಳಲಿ?
"ನೋಡಲಿಲ್ಲ ಮಾಯ್" ಅಂದೆ. "ಎಣಿಸತಿದ್ದೆ."

ಸಂಜಿಗೆ ಮಾಲಕ ತಡಾ ಮಾಡಿದ್ದಕ್ಕ
ಐವತ್ತು ರೂಪಾಯಿ ಮುರಕೊಂಡ.
ಲೆಕ್ಕದಾಗ ಒಂದು ಪಾವು ಕಮ್ಮಿ ಬಂತು.
ನಾಯಿಗೆ ಹಾಕಿದ್ದು ಹೇಳಲಿಲ್ಲ.
ಸಾಕ್ಷಿಗೆ ಕೂಲಿ ಕೊಡಬೇಕಲ್ಲ.

ಮರುದಿನ ಅದ ಹೊತ್ತು, ಅದ ಒಡ್ಡು.
ಚಿಕ್ಕಿ ಇದ್ದವು, ತಮ್ಮ ತಮ್ಮ ಜಾಗದಾಗ.
ಎರಡು ನಿಮಿಷ ನಿಂತೆ.
ಮ್ಯಾಲ ಮಾರಿ ಮಾಡಿ ಒಂದ ಸಲ
ಪೊಂಯ್ ಅನಿಸಿದೆ.

ಎಲ್ಲೋ ಆಸೊಳ್ಣೆ ಕಡೆ ಒಂದು ಕೋಳಿ ಎದ್ದಿತು.
ಕೆಂಚ ನಾಯಿ ಬೊಗಳಿತು,
ನನಗಲ್ಲ.