ಗೇಟಿನಿಂದ ಗೆರಿತನಕ

ಆಟ ಕಲಿಸೂದು ನನಗ ಗೊತ್ತದ.
ಇಪ್ಪತ್ತೆರಡು ವರ್ಷ ಅದನ್ನೇ ಮಾಡೀನಿ,
ಮೊದಲ ಸಿಮೆಂಟ್ ಫ್ಯಾಕ್ಟರಿ ಪಾಳಿ ಮುಗಿಸಿ ಬಂದು,
ಈಗ ಪಾಳಿನೇ ಇಲ್ಲದ.
ಆದರ ಗೇಟಿನಿಂದ ಬಿಳಿ ಗೆರಿತನಕ
ಹನ್ನೊಂದು ಹುಡುಗರನ್ನ ನಡೆಸೂದು ಹ್ಯಾಂಗ?
ಅರವತ್ತು ಹೆಜ್ಜಿ ಆಗ್ತದ. ಎಣಿಸೀನಿ.

ಓಡ್ಕೋತ ಹೋಗ್ರಿ ಅಂದಿದ್ದೆ ಹೋದ ವರ್ಷ.
ಓಡಿದ್ರು. ಸೈಬಣ್ಣನ ಕಾಲು ಹಗ್ಗಕ್ಕ ಸಿಕ್ಕು
ಮಾರಿ ಅಡಿಯಾಗಿ ಬಿದ್ದ. ಮೈದಾನ ತುಂಬ ನಗಿ.
ಆಮ್ಯಾಲ ಅಂವ ಹಾರಿ ಹಿಡಿದ ಮೂರು ಚೆಂಡು
ಯಾರಿಗೂ ನೆನಪಿಲ್ಲ,
ಅವನಿಗೂ.

ಅದರ ಹಿಂದಿನ ವರ್ಷ ಹಲಗಿ ತರಿಸಿದ್ದೆ.
ಹುಡುಗರ ಎದಿ ಹಲಗಿಗಿಂತ ಜೋರಾತು,
ಹತ್ತು ನಿಮಿಷದಾಗ ದಮ್ಮು ಕಳಕೊಂಡು
ಮದಿವಿ ಊಟ ಉಂಡವರಂಗ ಆಡಿದ್ರು.

ಸೋಲಾಪುರದವರು ಹೊಗಿ ಬಿಡ್ತಾರ,
ಬಣ್ಣದ ಹೊಗಿ, ಡಬ್ಬಿಯಿಂದ.
ನಮ್ಮ ವಾಡಿಯೊಳಗ ಹೊಗಿಗೆ ರೊಕ್ಕ ಕೊಡೂದಾ?
ಕಿಡಕಿ ತಗದರ ಸಾಕು,
ರೊಟ್ಟಿ ಮ್ಯಾಲ ತಾನೇ ಬಂದು ಕೂಡತದ ಧೂಳು.

ಈ ಸಲ ನಡೀರಿ, ಅಂದೆ.
ಸುಮ್ಮನ ನಡೀರಿ. ಮಂದಿ ಕಡಿ ನೋಡಬ್ಯಾಡ್ರಿ,
ಎದುರಿನವರ ಕಡಿ ನೋಡಬ್ಯಾಡ್ರಿ.
ಮತ್ತ ಎಲ್ಲಿ ನೋಡೂದು ಸರ್, ಅಂದ ಲಾಡ್ಲೇ.
ಅಷ್ಟು ವಿಚಾರ ಮಾಡಿರಲಿಲ್ಲ ನಾ.
ಮುಂದಿನವನ ಬೆನ್ನಿನ ನಂಬರ್ ನೋಡು, ಅಂದೆ.
ಸೈಬಣ್ಣನ ಮುಂದ ಯಾರೂ ಇಲ್ಲಲ್ಲ, ಅಂದ ಮತ್ತ.
ಅವನವ್ವ ಬಂದಾಳ, ಅಕಿನ್ನ ನೋಡ್ತಾನ, ಸುಮ್ಮನ ನಿಲ್ಲು.

ಗೇಟಿನ ಒಳಗ, ಗೋಡಿಗೂ ಗೋದಾಮಿಗೂ ನಡುವ
ಸಣ್ಣ ಓಣಿ, ಅದಕ್ಕ ಶಹಾಬಾದ್ ಫರಸಿ.
ಯಲ್ಲಾಲಿಂಗನ ಅಪ್ಪ ಖಣಿಯಿಂದ ತಂದು ಹಾಸಿದ್ದು,
ಒಡದ ತುಂಡು, ಪುಕ್ಕಟ್.
ಮೈಕಿನಾಗ ನಮ್ಮ ಟೀಮಿನ ಹೆಸರು ತಪ್ಪಾಗಿ ಓದಿದ್ರು.
ಗೇಟ್ ತಗದ್ರು.

ಜನರೇಟರ್ ಎರಡು ಸಲ ಕೆಮ್ಮಿ ನಿಂತಿತು.

ನಾಲ್ಕೂ ಕಂಬ ಆರಿದ್ವು.
ಓ… ಅಂತ ಮಂದಿ. ಮಶಾಕ, ಏ ಮಶಾಕ,
ಡೀಜಲ್ ಹಾಕಿದ್ದಿ ಏನೋ ಇಲ್ಲೋ!
ನಿಲ್ರಿ ಅನ್ನಬೇಕಂದೆ. ಬಾಯಿ ತಗಿಯೂದ್ರೊಳಗ
ಸೈಬಣ್ಣ ನಡದಿದ್ದ.

ಟಕ್. ಟಕ್.
ಬೂಟಿನ ಹಲ್ಲು ಕಲ್ಲು ಕಡಿಯೂ ಸಪ್ಪಳ.
ಒಬ್ಬಂದು, ಇಬ್ಬರದು, ಆಮ್ಯಾಲ ಸಾಲಿಗಿ ಸಾಲು.
ಒದರ್ಲಾಕತ್ತಿದ್ದ ಮಂದಿ ಗಪ್ಪಾದ್ರು.
ಕತ್ತಲದಾಗಿಂದ ಏನೋ ಬರ್ಲಾಕತ್ತದ,
ಏನಂತ ಗೊತ್ತಿಲ್ಲ.

ನಾ ಕಿವಿಯಿಂದ ಎಣಿಸಿದೆ.
ಇಂವ ಲಾಡ್ಲೇ, ಎರಡು ನಂಬರ್ ದೊಡ್ಡ ಬೂಟು,
ತುದಿಗಿ ಅರಿವಿ ತುರುಕ್ಯಾನ, ಹಿಮ್ಮಡ ತಡದು ಬೀಳತದ.
ಇಂವ ಎಬಿನೇಜರ್, ಎಡಗಾಲು ಉಳುಕ್ಯಾದ,
ಸೋಮವಾರದಿಂದ ನನಗ ಮುಚ್ಚಿಟ್ಟಾನ ಮಗ.
ಎಂಟು. ಒಂಬತ್ತು. ಹತ್ತು.

ಹತ್ತು.

ಥಾವರು, ತಾಂಡಾದ ಹುಡುಗ, ಹದಿನಾರು ತುಂಬಿಲ್ಲ,
ಗೇಟಿನ ಗೋಡಿಗಿ ಹಣಿ ಹಚ್ಚಿ ನಿಂತಿದ್ದ.
ಸಂಜಿಕ ತಿಂದ ಸುಸಲಾ ಕಾಲ ಬುಡಕ.
ದೀಪ ಬಂದ ಮ್ಯಾಲ ಹೋಗ್ತೀನಿ ಸರ್, ಅಂದ.
ದೀಪ ಬಂದರ ಎಲ್ಲಾರೂ ನೋಡ್ತಾರೋ. ಈಗ ನಡಿ.
ಬೈಲಿಲ್ಲ. ಬೆನ್ನು ತಟ್ಟಲಿಲ್ಲ.
ಕೈ ಹಿಡದೆ. ತಣ್ಣಗಿತ್ತು, ತೊಯ್ದಿತ್ತು.
ನಂದೇನು ಬ್ಯಾರೆ ಇರಲಿಲ್ಲ.

ನನ್ನ ಚಪ್ಪಲಿ ಸಪ್ಪಳ ಮಾಡಲಿಲ್ಲ.
ಅವನ ಬೂಟು ಮಾಡತಿತ್ತು,
ಬಿಟ್ಟು ಬಿಟ್ಟು ಮೊದಲ,
ಆಮ್ಯಾಲ ನನ್ನನ್ನೇ ಎಳಕೊಂಡು.
ಫರಸಿ ಮುಗೀತು, ಮಣ್ಣು ಬಂತು.
ಸುಣ್ಣದ ವಾಸನಿ ಬಂದಲ್ಲಿ
ಕೈ ಬಿಟ್ಟೆ, ಅಥವಾ ಅಂವ ಬಿಟ್ಟ.

ದೀಪ ಹತ್ತಿದಾಗ
ಹನ್ನೊಂದು ಮಂದಿ ತಮ್ಮ ತಮ್ಮ ಜಾಗದಾಗ ನಿಂತಿದ್ರು,
ಬಂದದ್ದು ಯಾರೂ ನೋಡಿಲ್ಲ.
ಸೋಲಾಪುರದವರು ಡಬ್ಬಿ ಹಿಡಕೊಂಡು ಇನ್ನೂ ಹೊರಗ.
ನಾ ಗೆರಿ ಮ್ಯಾಲ, ಸಿಕ್ಕಿಬಿದ್ದ ಕಳ್ಳನಂಗ.
ಸರೀರಿ ಅಂತ ರೆಫ್ರಿ ಕೈ ಮಾಡಿದ.

ಒಂದು-ಎರಡಕ್ಕ ಸೋತ್ವಿ. ಅದು ಬ್ಯಾರೆ ಮಾತು.
ಮುಂದಿನ ವರ್ಷ ಹ್ಯಾಂಗ ಹೋಗೂದು ಸರ್,
ಈಗಲೇ ಕೇಳ್ಲಾಕತ್ತಾನ ಲಾಡ್ಲೇ.
ನೋಡೂಣು ಅಂದೀನಿ.
ಮಶಾಕನ್ನ ಕಂಡು ಒಂದಿಷ್ಟು ಮಾತಾಡೂದದ,
ಚಾ ಕುಡಿಸಿ.