ತೋಳಿನ ಅಳತೆ

ನಮ್ಮೂರಲ್ಲಿ ವಕೀಲ ಅಂದರೆ ಕರಿಕೋಟು.
ಇಲ್ಲಿ, ಸೀಬ್‌ನಲ್ಲಿ, ವಕೀಲ್ ಅಂದರೆ ದಂಡಿನಲ್ಲೊಂದು ಹುದ್ದೆ,
ಇಸ್ತ್ರಿ ಮುರಿಯದ ಖಾಕಿ.
ವಕೀಲ್ ದಾದ್‌ರಹೀಮನ ಅಂಗಿ ಹೊಲಿಯುತ್ತ ಒಂಬತ್ತು ವರ್ಷ:
ತೋಳು ಇಪ್ಪತ್ತನಾಲ್ಕೂವರೆ ಇಂಚು,
ಚಹಾ ಕೊಟ್ಟರೆ ಎದ್ದು ನಿಂತು ತಗೊಳ್ಳುವ ಮನುಷ್ಯ.

ಹೆಂಗಸರ ಮೈಗೆ ಟೇಪು ಹಿಡಿಯುವಂತಿಲ್ಲ.
ಹಳೆಯ ಉಡುಪು ಕಳಿಸುತ್ತಾರೆ, ಅದರ ಮೇಲೇ ಅಳತೆ.
ಮಹ್‌ಗಂಜಳದು ಬಲೂಚಿ ಉಡುಪು; ಎದೆ ತುಂಬ ಕಸೂತಿ,
ಮುಂದೆ ಒಂದು ಅಗಲ ಜೇಬು,
ಮನೆಯ ಬೀಗದ ಕೈಯೆಲ್ಲ ಹಿಡಿಸುವಷ್ಟು.
ರಂಜಾನಿಗೆ ಮೊದಲು ಬಂತು, ಎಡ ಹೆಗಲು ಹರಿದು.
ಹೊಲಿದೆ. ಮುನ್ನೂರು ಬೈಸಾ.
ಖರ್ಜೂರದ ಕಾಲಕ್ಕೆ ಬಂತು, ಅದೇ ಹೆಗಲು.
ನನ್ನ ಹೊಲಿಗೆ ಹಾಗೇ ಇತ್ತು,
ಪಕ್ಕದ ಬಟ್ಟೆಯೇ ಕಿತ್ತು ಬಂದಿತ್ತು.
ಮೂರನೆಯ ಸಲ ಕೊರಳಿನ ಒಳಮಗ್ಗುಲಲ್ಲಿ ಕಂದು ಕಲೆ.
ಉಪ್ಪುನೀರಲ್ಲಿ ನೆನೆಹಾಕಿದೆ. ಕೇಳಲಿಲ್ಲ.
ದರ್ಜಿಯ ಬಾಯಲ್ಲಿ ಯಾವಾಗಲೂ ಗುಂಡುಸೂಜಿ.

ನಾಲ್ಕನೆಯ ಸಲ ಅವಳೇ ಬಂದಳು, ಹೊಲಿಸಲು ಏನೂ ತರದೆ.
ಪೊಲೀಸರು ಅಂದರಂತೆ: ಕ್ಯಾಂಪಿನೊಳಗಿನ ಮಾತು, ಅಲ್ಲೇ ಕೇಳು.
ಕ್ಯಾಂಪಿನವರು ಅಂದರಂತೆ: ಮನೆಯೊಳಗಿನ ಮಾತು, ಅಲ್ಲೇ ಮುಗಿಸು.
ಎರಡು ಗೇಟುಗಳ ನಡುವೆ, ಬಿಸಿಲಲ್ಲಿ,
ಯಾರೋ ಪುಣ್ಯಾತ್ಮ ಗುಮಾಸ್ತ ಹೇಳಿದನಂತೆ: ದಾಖಲೆ ತಾ.
‘ಭಾಯಿ, ರಿಪೇರಿ ಬಿಲ್ಲಿನ ನಕಲು ಇದೆಯಾ?
ತಾರೀಕು ಇರುವಂಥದ್ದು.’

ಕ್ಯಾಂಪಿನ ನಲವತ್ತು ಅಂಗಿ ಗೋಡೆಗುಂಟ ತೂಗುತ್ತಿದ್ದವು
ತೋಳು ಇಳಿಬಿಟ್ಟು.
ನನ್ನ ಕಫೀಲನ ತಮ್ಮ ಅದೇ ದಂಡಿನವನು.
ವೀಸಾ ಮಾರ್ಚಿಗೆ ಮುಗಿಯುತ್ತದೆ.
ಕಾರ್ಬನ್ನಿನ ಹಾಳೆ ಮೂರು ಕಿತ್ತೆ.
ಒಂದು ಅಡ್ಡಡ್ಡ ಹರಿಯಿತು, ಕೈ ನಡುಗಿ;
ಹರಿದದ್ದನ್ನು ಕೂಡಿಸುವುದು ಗೊತ್ತಲ್ಲ, ಅಂಟಿಸಿ ಕೊಟ್ಟೆ.

ಚಳಿ ಶುರುವಾದಾಗ ಕೋರ್ಟಿನ ಕಾಗದ ತಂದು ತೋರಿಸಿದಳು.
ಅರಬಿಯಲ್ಲಿ ನನಗೆ ಅಂಕಿ ಮಾತ್ರ ಬರುತ್ತದೆ:
ನೂರು ಮೀಟರು. ಅದಕ್ಕಿಂತ ಹತ್ತಿರ ಅವನು ಬರಬಾರದು.
‘ಜೇಬಿಗೆ ಒಳಗಿಂದ ಕ್ಯಾನ್ವಾಸು ಕೊಡು,’ ಅಂದಳು,
‘ಬೆವರಿಗೆ ಇದು ಕರಗಬಾರದು.’

ನಾನು ಇಂಚಿನವನು.
ರಾತ್ರಿ ಷಟರ್ ಎಳೆದು, ಬಿಲ್ ಪುಸ್ತಕದ ಹಿಂದೆ
ಭಾಗಿಸಿ ನೋಡಿದೆ: ಅವನ ತೋಳು ನೂರ ಅರವತ್ತು ಸಲ,
ಮೇಲೆ ಹದಿನೇಳು ಇಂಚು.
ಇರಲಿ. ಹೊಲಿಗೆಗೆ ಅಂತ ಬಿಟ್ಟುಕೊಳ್ಳುವ ಬಟ್ಟೆ.

ಈ ತಿಂಗಳು ಅವನ ಅಂಗಿ ಬಂದಿಲ್ಲ.
ಕ್ಯಾಂಪಿನ ಗೇಟಿನಿಂದ ನನ್ನ ಅಂಗಡಿಗೆ
ಎಷ್ಟು ತೋಳು, ಅದನ್ನಿನ್ನೂ ಲೆಕ್ಕ ಹಾಕಿಲ್ಲ.